ಆಗಲಿ ಎನ್ನುತ್ತಿದ್ದ ಸುನಂದಮ್ಮ ಮೇಡಂ

ಸುನಂದಮ್ಮ ಮೇಡಂ ಬಾಯಲ್ಲಿ ಇಲ್ಲ ಎಂಬ ಮಾತು ಬಂದದ್ದನ್ನು ನಾನು ಕೇಳಿಯೇ ಇಲ್ಲ. ಯಾರು ಏನು ಕೇಳಿದರೂ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ, "ಆಗ್ಲಿ, ಹಂಗೇ ಮಾಡನ" ಎನ್ನುತ್ತಿದ್ದರು. ಆಮೇಲೆ ಅದನ್ನು ಎಷ್ಟು ನಿಷ್ಠೆಯಿಂದ ಮಾಡುತ್ತಿದ್ದರೆಂದರೆ, ಕೇಳಿದವರೇ ಮತ್ತೆ ಬಂದು, "ಸಾಕು ಮೇಡಂ, ಬುಟ್ಬುಡಿ" ಎಂದು ಕೈ ಮುಗಿಯಬೇಕಾಗುತ್ತಿತ್ತು.

ಡೈರಿಗೆ ಹಾಲು ಹಾಕುವ ನಂಜಪ್ಪ ಒಮ್ಮೆ ಬಂದು, ತನ್ನ ಮಗನ ಪಕ್ಕ ಕಾಲೋನಿಯ ಹುಡುಗ ಕೂರುತ್ತಾನೆ, ಮಗನನ್ನು ಒಸಿ ಮುಂದಕ್ಕೆ ಕೂರಿಸಿ ಎಂದು ಕೇಳಿದ. ಮೇಡಂ ಆಗಲಿ ಎಂದರು. ಹುಡುಗನನ್ನು ಮುಂದಿನ ಸಾಲಿಗೆ ತಂದರು. ಅಲ್ಲಿಯೂ ಪಕ್ಕದಲ್ಲಿ ಕಾಲೋನಿಯ ಹುಡುಗಿಯಿದ್ದಳು. ಇನ್ನೂ ಮುಂದಕ್ಕೆ ತಂದರು. ವಾರ ಕಳೆಯುವುದರೊಳಗೆ ಅವನು ಕರಿಹಲಗೆಗೆ ಮೂಗು ತಾಗಿಸಿಕೊಂಡು ಕೂತಿದ್ದ. ಮನೆಗೆ ಹೋಗುವಾಗ ಮುಖವೆಲ್ಲ ಸೀಮೆಸುಣ್ಣ. ನಂಜಪ್ಪ ಓಡಿಬಂದ. "ಯಾಕಪ್ಪ, ಇನ್ನೂ ಮುಂದಕ್ಕೆ ಹಾಕ್ಬೇಕಾ? ಗೋಡೆ ಒಡಿಸ್ಬೇಕಾಯ್ತದೆ, ಪಂಚಾಯ್ತೀಲಿ ಕೇಳನ" ಎಂದರು ಮೇಡಂ. ಮುಖದಲ್ಲಿ ನಗುವಿನ ಗುರುತೇ ಇಲ್ಲ. ಹುಡುಗ ಮತ್ತೆ ಹಳೆಯ ಜಾಗಕ್ಕೆ ಹೋಗಿ, ಹಳೆಯ ಸ್ನೇಹಿತನ ಪಕ್ಕದಲ್ಲಿ ಕೂತ.

ಮೇಡಂ ನಮ್ಮ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಊರು ಕನಕಪುರ. ಮಾಗಡಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನವೂ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಎತ್ತರದ ಒಣಕಲು ಹೆಂಗಸು. ಮೋಡವಿರಲಿ, ಬಿಸಿಲಿರಲಿ, ಕೈಯಲ್ಲಿ ಗಂಡಸರ ಕೊಡೆ. ಬಸ್ಸಿನಿಂದ ಇಳಿದು ಸಾವನದುರ್ಗದ ಬೆಟ್ಟದ ಕಡೆ ಒಮ್ಮೆ ನೋಡಿ, "ಇವತ್ತೂ ಅಲ್ಲೇ ಐತೆ, ಪುಣ್ಯ" ಎಂದು ಹೇಳಿಯೇ ಶಾಲೆಯ ಗೇಟು ತೆಗೆಯುತ್ತಿದ್ದರು.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಬಿಸಿಯೂಟದ ಅಡುಗೆಗೆ ಸಹಾಯಕಿಯಾಗಿ ಸೇರಿದ್ದೆ. ತರಕಾರಿ ಹೆಚ್ಚುವುದು, ಅಕ್ಕಿ ಆರಿಸುವುದು, ಬಡಿಸುವುದು ನನ್ನ ಕೆಲಸ. ಯಾರಾದರೂ ಗಂಡಸರು ಬಂದರೆ ನಾನು ಅಡುಗೆಮನೆಯ ಬಾಗಿಲ ಹಿಂದೆ. ಹಾಗಾಗಿ ಈಗ ಬರೆಯುತ್ತಿರುವುದರಲ್ಲಿ ಹೆಚ್ಚಿನದನ್ನು ನಾನು ಬಾಗಿಲ ಸಂದಿಯಿಂದಲೇ ನೋಡಿದ್ದು.

ಮುಖ್ಯ ಅಡುಗೆಯವರಾಗಿದ್ದ ಚೆನ್ನಮ್ಮ ವಯಸ್ಸಾಗಿ ಕೆಲಸ ಬಿಟ್ಟಾಗ ಆ ಜಾಗಕ್ಕೆ ಕಾಲೋನಿಯ ರತ್ನಮ್ಮ ಬಂದಳು. ಅವಳ ಗಂಡ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಹೆಣ್ಣುಮಕ್ಕಳಿಬ್ಬರು ಓದುತ್ತಿದ್ದರು. ಆ ಮನೆ ನಿಂತಿದ್ದೇ ಈ ಕೆಲಸದ ಮೇಲೆ. ಮೊದಲ ದಿನ ಅವಳು ಮಾಡಿದ ಸಾರಿನ ಘಮಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ಮೂಗು ಎತ್ತಿದರು. ಆದರೆ ಊಟದ ಗಂಟೆ ಹೊಡೆದ ಕೂಡಲೇ ಊರೊಳಗಿನ ಮಕ್ಕಳಿಗೆಲ್ಲ ಒಟ್ಟಿಗೇ ಹೊಟ್ಟೆನೋವು ಬಂತು. ಹೊಟ್ಟೆ ಹಿಡಿದುಕೊಂಡು ಸಾಲಾಗಿ ನಿಂತರು. ಮನೆಯಲ್ಲಿ ಹಾಗೆ ಹೇಳಿಕೊಟ್ಟಿದ್ದರು. ಊಟದ ಹೊತ್ತು ಮುಗಿಯುತ್ತಲೇ ಅದೇ ಮಕ್ಕಳು ಕಬಡ್ಡಿ ಆಡಿದರು.

ಮಾರನೆಯ ದಿನದಿಂದ ಮನೆಯಿಂದಲೇ ಊಟದ ಡಬ್ಬಿ ತಂದರು. ಅದರ ಹಿಂದೆಯೇ ಶಾಲಾ ಸಮಿತಿಯ ಅಧ್ಯಕ್ಷರು ಬಂದರು. ಅಧ್ಯಕ್ಷರೆಂದರೆ ನಿಮ್ಮ ದೊಡ್ಡ ತಾತ, ನನ್ನ ಭಾವ ಬೋರೇಗೌಡರು. ಜೊತೆಯಲ್ಲಿ ಅವರ ಹೆಂಡತಿ, ನನ್ನ ಓರಗಿತ್ತಿ ಅಕ್ಕನೂ ಇದ್ದರು.

"ಮೇಡಂ, ನಮ್ಗೇನೂ ಭೇದ ಇಲ್ಲ" ಎಂದು ಭಾವ ಶುರು ಮಾಡಿದರು. "ಆದ್ರೆ ಮನೇಲಿ ಹೆಂಗಸ್ರು ಒಪ್ಪಲ್ಲ."

"ನನ್ನನ್ಯಾಕೆ ಎಳೀತೀರಾ? ನಾನು ಬಾಯೇ ಬುಟ್ಟಿಲ್ಲ" ಎಂದರು ಅಕ್ಕ.

"ನೀನು ಸುಮ್ಕಿರು. ಮೇಡಂ, ಈ ತಿಂಗ್ಳು ನೋಡ್ತೀವಿ. ನಮ್ಮ ಮಕ್ಳು ಉಣ್ಣಲಿಲ್ಲ ಅಂದ್ರೆ, ಮಕ್ಳು ಉಣ್ಣದಿರೋ ಅಡುಗೆಯೋಳು ಬ್ಯಾಡ ಅಂತ ಮಾಗಡಿ ಆಫೀಸಿಗೆ ಹೋಗಿ ಹೇಳ್ತೀವಿ. ಬ್ಯಾರೆಯೋರನ್ನ ಹಾಕ್ತಾರೆ."

ನನ್ನ ಪಕ್ಕದಲ್ಲಿ ನಿಂತಿದ್ದ ರತ್ನಮ್ಮ ಸೌಟನ್ನು ಎದೆಗೆ ಒತ್ತಿ ಹಿಡಿದಿದ್ದಳು. ಸೀರೆಗೆಲ್ಲ ಸಾರು ಇಳಿಯುತ್ತಿದ್ದುದು ಅವಳಿಗೆ ಗೊತ್ತೇ ಆಗಲಿಲ್ಲ.

"ಅಲ್ಲಿಗಂಟ ಏನ್ ಮಾಡನ ಗೌಡ್ರೇ?" ಎಂದರು ಮೇಡಂ.

"ಎಲ್ಡು ಸಾಲು ಮಾಡಿ. ಅವ್ರು ಒಂದು ಕಡೆ, ಇವ್ರು ಒಂದು ಕಡೆ."

"ಆಗ್ಲಿ. ಎಲ್ಡೇ ಸಾಲು."

ಮಧ್ಯಾಹ್ನ ಗಂಟೆ ಹೊಡೆದಾಗ ಮೇಡಂ ಜಗುಲಿಯ ಮೇಲೆ ನಿಂತು, "ಹಲ್ಲು ಬಿದ್ದಿರೋರೆಲ್ಲಾ ಈ ಕಡೆ, ಬೀಳದಿರೋರು ಆ ಕಡೆ" ಎಂದು ಕೂಗಿದರು. ಮರುದಿನ ಮನೆಯಲ್ಲಿ ಕೋಳಿ ಇರುವವರು, ಇಲ್ಲದವರು. ಅದರ ಮರುದಿನ ತಲೆಯಲ್ಲಿ ಒಂದು ಸುಳಿ ಇರುವವರು, ಎರಡು ಸುಳಿ ಇರುವವರು. ಅವತ್ತು ಊಟಕ್ಕಿಂತ ತಲೆ ನೋಡುವುದೇ ಹೆಚ್ಚು ಹೊತ್ತು ಹಿಡಿಯಿತು. ಭಾವ ಬಂದು ನೋಡಿದರೆ ಎರಡು ಸಾಲು ನೆಟ್ಟಗೆ, ಹಗ್ಗ ಹಿಡಿದ ಹಾಗೆ ಇದ್ದವು. ತಪ್ಪು ಹುಡುಕಲು ಆಗಲಿಲ್ಲ. ಅವರ ಮೊಮ್ಮಗ ಮಂಜ ಕಾಲೋನಿಯ ಸುಮಳ ತಲೆಯಲ್ಲಿ ಸುಳಿ ಎಣಿಸುತ್ತಿದ್ದ.

"ಇದಲ್ಲ ಮೇಡಂ ನಾನು ಹೇಳಿದ್ದು."

"ಮತ್ತೆ? ಮೂರು ಸಾಲು ಮಾಡನಾ?"

ಸಾಲು ಬೆರೆತವು, ಡಬ್ಬಿ ಬೆರೆಯಲಿಲ್ಲ. ರತ್ನಮ್ಮನ ಪಾತ್ರೆ ಅರ್ಧ ತುಂಬಿಯೇ ಉಳಿಯುತ್ತಿತ್ತು. ತಿಂಗಳು ಸವೆಯುತ್ತಿತ್ತು.

ಭಾವ ಈ ಸಲ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಎರಡು ಪಾತ್ರೆಯಲ್ಲಿ ಬೇಯಿಸಿ ಎಂದರು. ಮೇಡಂ ಆಗಲಿ ಎಂದು ಅವರನ್ನು ಅಡುಗೆಮನೆಗೇ ಕರೆತಂದು, "ಯಾವ್ದು ಯಾವ ಪಾತ್ರೆಗೆ ಅಂತ ನೀವೇ ಹೇಳ್ಬುಡಿ, ನಂಗೆ ತಿಳಿಯಲ್ಲ" ಎಂದರು. ನಾನು ಅಕ್ಕಿ ಮೂಟೆಯ ಹಿಂದೆ ಸರಿದೆ. ಮೂವರೂ ಟವೆಲ್ಲಿನಲ್ಲಿ ಮೂಗು ಮುಚ್ಚಿಕೊಂಡು ವಿಚಾರಣೆಗೆ ನಿಂತರು. ಅಕ್ಕಿ ಸರ್ಕಾರದ್ದು, ಲಾರಿಗೆ ಹೊತ್ತು ಹಾಕಿದವರು ಯಾರೋ. ಬೇಳೆ ಯಾವ ಊರಿನದೋ. ಖಾರದ ಪುಡಿ ಸಾಬರ ಮಿಲ್ಲಿನದು. ಸಿಲಿಂಡರ್ ತಂದವನು ಯಾರೆಂದು ಗೊತ್ತಿಲ್ಲ. ಹೀಗೆ ಒಂದೊಂದೇ ಬಿಟ್ಟುಕೊಂಡು ಬಂದರೆ ಎರಡನೆಯ ಪಾತ್ರೆಗೆ ನೀರನ್ನು ಬಿಟ್ಟು ಏನೂ ಉಳಿಯಲಿಲ್ಲ. ನೀರಿನ ಟ್ಯಾಂಕು ತೊಳೆದವನು ರತ್ನಮ್ಮನ ಮೈದುನ ಎಂದು ಮೇಡಂ ನೆನಪಿಸಿದರು.

ಹಿರಿಯರಲ್ಲಿ ಒಬ್ಬರು ಬಹಳ ಯೋಚಿಸಿ ಒಂದು ದಾರಿ ಹುಡುಕಿದರು. "ಮೊಟ್ಟೆ ತಿನ್ಬೋದು. ಬೇಯ್ಸಿದ್ರೂ ಸಿಪ್ಪೆ ಒಳಗೆ ಯಾರೂ ಮುಟ್ಟಕ್ಕಾಗಲ್ವಲ್ಲ."

ಭಾವನಿಗೆ ಅದು ಬಹಳ ಹಿಡಿಸಿತು. "ಅದು ನ್ಯಾಯ. ಸಿಪ್ಪೆ ಇರೋದು ಏನ್ ಬೇಕಾದ್ರೂ ಆಯಮ್ಮ ಬೇಯ್ಸಿಕೊಡ್ಲಿ."

"ಆಗ್ಲಿ" ಎಂದರು ಮೇಡಂ. ಮನೆಗಳಿಗೆ ಹೇಳಿ ಕಳಿಸಿ ಗೆಣಸು, ಕಡಲೆಕಾಯಿ ತರಿಸಿಕೊಂಡರು. ಅಂದಿನಿಂದ ಊರೊಳಗಿನ ಮಕ್ಕಳಿಗೆ ಡಬ್ಬಿ ಬಂದ್. ಮೊಟ್ಟೆ, ಗೆಣಸು, ಕಡಲೆಕಾಯಿ. ಮರುದಿನ ಗೆಣಸು, ಕಡಲೆಕಾಯಿ, ಮೊಟ್ಟೆ. ಪಕ್ಕದಲ್ಲಿ ಕಾಲೋನಿಯ ಮಕ್ಕಳು ಬಿಸಿ ಅನ್ನಕ್ಕೆ ಸಾರು ಕಲಸಿಕೊಂಡು ಮೊಣಕೈವರೆಗೆ ಸುರಿಸಿಕೊಂಡು ಉಣ್ಣುವಾಗ, ನಮ್ಮ ಮಕ್ಕಳು ಸಿಪ್ಪೆ ಸುಲಿಯುತ್ತಾ ಕೂತಿರುತ್ತಿದ್ದರು. ಮಧ್ಯಾಹ್ನದ ಮೇಲೆ ತರಗತಿಯ ಕಿಟಕಿ ಮುಚ್ಚಲು ಯಾರೂ ಒಪ್ಪುತ್ತಿರಲಿಲ್ಲ. ಪಾಠ ಮಾಡುವ ಟೀಚರು ಬಾಗಿಲಲ್ಲೇ ನಿಂತು ಮಗ್ಗಿ ಹೇಳಿಸುತ್ತಿದ್ದರು. ಅಕ್ಕ ಬಂದು, "ಮೇಡಂ, ರಾತ್ರಿಯೆಲ್ಲಾ ಮಂಜನ ಪಕ್ಕ ಮಲಗಕ್ಕಾಗ್ತಿಲ್ಲ" ಎಂದು ಅತ್ತರು.

"ಗೌಡ್ರ ನ್ಯಾಯ ಕಣಮ್ಮ. ನಾವು ಮೀರಕ್ಕಾಯ್ತದಾ?" ಎಂದರು ಮೇಡಂ.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ಮಾಗಡಿ ಕಡೆ ಅವರೆ ಬಂತೆಂದರೆ ನಮ್ಮ ಜನಕ್ಕೆ ಬೇರೆ ಧ್ಯಾನವಿರುವುದಿಲ್ಲ. ಕಾಳು ನೆನೆಸಿ, ಒಂದೊಂದನ್ನೇ ಹೆಬ್ಬೆರಳಿನಲ್ಲಿ ಒತ್ತಿ ಸಿಪ್ಪೆಯಿಂದ ಹಾರಿಸಿ, ಮಸಾಲೆ ಹಾಕಿ ಮಾಡುವ ಹಿತಕವರೆ ಸಾರಿಗೆ ನಿಮ್ಮ ದೊಡ್ಡ ತಾತ ಸತ್ತಂತಿದ್ದರೂ ಎದ್ದು ಕೂರುತ್ತಾರೆ. ಮೇಡಂ ಅವರ ಜಗುಲಿಗೇ ಹೋಗಿ ಕೇಳಿದರು. "ಗೌಡ್ರೇ, ಹಿತಕವರೆ ಮಾಡನ ಅಂತ. ಆದ್ರೆ ಹಿತುಕಿದ್ ಮೇಲೆ ಸಿಪ್ಪೆ ಇರಲ್ಲ. ನ್ಯಾಯ ಏನು?"

ಭಾವ ಕಣ್ಣು ಮುಚ್ಚಿ ಯೋಚಿಸಿದರು. "ನಮ್ಮ ಮಕ್ಕಳ ಪಾಲಿಂದು ನಮ್ಮ ಮಕ್ಕಳೇ ಹಿತುಕ್ಲಿ. ಅವ್ರ ಪಾಲಿಂದು ಅವ್ರು. ಆವಾಗ ಆಯಮ್ಮ ಒಲೆ ಮೇಲೆ ಇಕ್ಕುದ್ರೂ ಅಡ್ಡಿಯಿಲ್ಲ."

"ಆಗ್ಲಿ."

ಪ್ರತಿ ಮಗುವೂ ಮನೆಯಿಂದ ಒಂದು ಹಿಡಿ ಅವರೆಕಾಳು ತಂದಿತು. ಶಾಲೆಯಲ್ಲಿ ಇದ್ದದ್ದು ಒಂದೇ ದೊಡ್ಡ ಕೊಳಗ. ಎಲ್ಲವೂ ಅದರಲ್ಲೇ ನೆನೆದವು. ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಮಕ್ಕಳೆಲ್ಲ ಸುತ್ತಲೂ ಕೂತು ಹಿತುಕಿದರು. ಕಾಳುಗಳು ಹಾರಿ ಟೀಚರ ತಲೆಗೆ ಬಿದ್ದವು, ಜಗುಲಿಯ ಗಡಿಯಾರಕ್ಕೆ ಬಡಿದವು. ತಮ್ಮ ತೀರ್ಪು ಹೇಗೆ ನಡೆಯುತ್ತಿದೆ ಎಂದು ನೋಡಲು ಭಾವ ಬಂದರು. ಮೇಡಂ ಕುರ್ಚಿ ಹಾಕಿಸಿ, ಹಿತುಕಿದ ಕಾಳಿನ ಕೊಳಗವನ್ನು ಅವರ ಮುಂದಿಟ್ಟರು.

"ಎಲ್ರೂ ಅವ್ರವ್ರ ಪಾಲು ಹಿತುಕವ್ರೆ ಗೌಡ್ರೇ. ಯಾವ್ದು ಯಾರ್ದು ಅಂತ ನೀವು ಆರ್ಸಿಕೊಟ್ಬುಡಿ. ಅಲ್ಲಿಗಂಟ ಒಲೆ ಮೇಲೆ ಇಕ್ಕಲ್ಲ."

ಭಾವ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಅಷ್ಟು ಜನರ ಮುಂದೆ ಆಗುವುದಿಲ್ಲ ಎನ್ನಲು ಅವರಿಗೆ ಮನಸ್ಸು ಬರಲಿಲ್ಲ. ಒಂದು ಕಾಳು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು.

"ಲೇ ಮಂಜ, ಯಾವ್ದುಲಾ ನೀನು ಹಿತುಕಿದ್ದು?"

"ದಪ್ಪಗಿರೋವೆಲ್ಲಾ ನಂದೇ ತಾತ."

"ಸುಳ್ಳು ಕಣ್ ತಾತ!" ಎಂದು ಸುಮ ಎದ್ದು ನಿಂತಳು. "ದಪ್ಪದ್ದೆಲ್ಲಾ ನಂದು. ಇವ್ನು ಹಿತುಕಿದ್ದಕ್ಕಿಂತ ತಿಂದಿದ್ದೇ ಜಾಸ್ತಿ."

ಎಲ್ಲ ಮಕ್ಕಳಿಗೂ ದಪ್ಪ ಕಾಳೇ ಬೇಕು, ಸಣ್ಣದು ಯಾರಿಗೂ ಬೇಡ. ಭಾವ ಎರಡು ಗುಡ್ಡೆ ಮಾಡುತ್ತಾ ಹೋದರು. ಬಿಸಿಲು ಏರಿತು. ಹಸಿದ ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡು ಅವರನ್ನೇ ನೋಡುತ್ತಾ ಕೂತರು. ಯಾರೋ ಏನೋ ಕೇಳಿ ತಿರುಗಿ ನೋಡುವಷ್ಟರಲ್ಲಿ ಭಾವನಿಗೆ ಯಾವ ಗುಡ್ಡೆ ಯಾರದೆಂದೇ ಮರೆತುಹೋಯಿತು. "ಇದು ನಮ್ದೋ, ಅದು ನಮ್ದೋ?" ಎಂದು ಮೇಡಂ ಅವರನ್ನೇ ಕೇಳಿದರು.

"ನೀವು ಹೆಂಗೆ ಹೇಳಿದ್ರೆ ಹಂಗೆ" ಎಂದರು ಮೇಡಂ.

ಆಗ ಒಳಗಿನಿಂದ ರತ್ನಮ್ಮ ಓಡಿಬಂದಳು. ಅವಳಿಗೆ ನ್ಯಾಯ, ತೀರ್ಪು ಯಾವುದೂ ತಲೆಯಲ್ಲಿರಲಿಲ್ಲ. "ಗೌಡ್ರೇ, ಬ್ಯಾಗ ಹೇಳಿ, ಮಸಾಲೆ ಸೀಯ್ತಾ ಐತೆ!"

"ಸೀಯಕ್ಕೆ ಬುಡ್ತಾರಾ ಯಾರಾದ್ರೂ!" ಎಂದು ಭಾವ ಕುರ್ಚಿಯಿಂದ ಹಾರಿ ಎದ್ದರು. ಎರಡು ಗುಡ್ಡೆಯನ್ನೂ ಎರಡು ಕೈಯಲ್ಲಿ ಬಾಚಿ ಕೊಳಗಕ್ಕೆ ಹಾಕಿಕೊಂಡು, ಅಡುಗೆಮನೆಗೆ ನುಗ್ಗಿ, ತಾವೇ ಮಸಾಲೆಗೆ ಸುರಿದರು. ಸೌಟು ಕಿತ್ತುಕೊಂಡು ತಿರುವಿದರು. ಮಸಾಲೆ ಉಳಿಯಿತು. ಆಮೇಲೆ ಸುತ್ತಲೂ ನೋಡಿದರು. ಅಕ್ಕಿ ಮೂಟೆಯ ಪಕ್ಕ ನಾನು, ಒಲೆಯ ಪಕ್ಕ ರತ್ನಮ್ಮ, ಬಾಗಿಲ ತುಂಬ ಮಕ್ಕಳು. ಸೌಟನ್ನು ರತ್ನಮ್ಮನಿಗೆ ಕೊಟ್ಟು, "ಉಪ್ಪು ನೋಡು" ಎಂದು ಗೊಣಗಿ, ಟವೆಲ್ ಕೊಡವಿ ಹೊರಟುಹೋದರು.

ಅವತ್ತು ಎಲ್ಲ ಮಕ್ಕಳೂ ಉಂಡರು. ಮಂಜ ಮೂರು ಸಲ ಬಡಿಸಿಕೊಂಡ. ಮುಂದಿನ ವಾರ ಅವನ ಕೈಯಲ್ಲಿ ಒಂದು ಖಾಲಿ ಕ್ಯಾರಿಯರ್ ಬಂತು. ತಾತನಿಗೆ ರುಚಿ ನೋಡುವುದಕ್ಕಂತೆ. ಮಾಗಡಿಗೆ ಯಾರೂ ಹೋಗಲಿಲ್ಲ. ರತ್ನಮ್ಮನ ಕೆಲಸ ಉಳಿಯಿತು.

ಅಷ್ಟಕ್ಕೇ ಊರು ಸರಿಹೋಯಿತು ಎಂದುಕೊಳ್ಳಬೇಡಿ. ಈಗಲೂ ನಮ್ಮ ಬೀದಿಯ ಕೆಲವು ಮನೆಗಳಲ್ಲಿ ರತ್ನಮ್ಮನಿಗೆ ಜಗುಲಿಯ ಮೇಲೇ ಕಾಫಿ, ಅದೂ ಕಾಗದದ ಲೋಟದಲ್ಲಿ. ಅದನ್ನು ಮೇಡಂ ಹತ್ತಿರ ಹೇಳಿದರೆ, "ನಂಗೆ ಸ್ಕೂಲ್ ಕೊಟ್ಟವ್ರೆ ಕಣಮ್ಮ, ಊರು ಕೊಟ್ಟಿಲ್ಲ. ಸ್ಕೂಲಲ್ಲಿ ಉಂಡ ಮಕ್ಳು ನಾಳೆ ಮನೆಯೋರಾಗ್ತಾರೆ, ಕಾಯನ" ಎನ್ನುತ್ತಿದ್ದರು. ನಗುತ್ತಿರಲಿಲ್ಲ, ಬೇಸರವನ್ನೂ ತೋರುತ್ತಿರಲಿಲ್ಲ.

ಮೇಡಂಗೆ ವರ್ಗವಾಯಿತು, ನಿವೃತ್ತಿಯಾಯಿತು. ಹೋದ ವರ್ಷ ಕಾಯಿಲೆ ಬಿದ್ದು ಹೋಗಿಬಿಟ್ಟರು. ತಿಥಿಗೆ ಭಾವನೇ ವ್ಯಾನು ಗೊತ್ತು ಮಾಡಿ ನಮ್ಮನ್ನೆಲ್ಲ ಕನಕಪುರಕ್ಕೆ ಹೊರಡಿಸಿದರು. ತನ್ನ ಅಮ್ಮನಿಗೆ ಅವಳ ಕೈರುಚಿ ಇಷ್ಟವೆಂದು ಮೇಡಂ ಮಗ ಫೋನು ಮಾಡಿ ರತ್ನಮ್ಮನಿಗೇ ಅಡುಗೆ ಹೇಳಿದ್ದ. ನಾವು ಹೋಗಿ ತರಕಾರಿಗೆ ಕೂತಿದ್ದೆವು. ಅವರ ಕಡೆಯ ವಯಸ್ಸಾದ ಹೆಂಗಸೊಬ್ಬರು ಬಂದು ರತ್ನಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

"ಈಯಮ್ಮ ಯಾರ ಪೈಕಿ? ಬ್ಯಾರೆ ಅಡುಗೆ ಏನಾರ ಮಾಡ್ಲಿ. ಎಡೆಗೆ ಇಕ್ಕೋದು ಮಾತ್ರ ನಮ್ಮೋರೇ ಮಾಡ್ಬೇಕು."

ರತ್ನಮ್ಮ ಈಳಿಗೆಮಣೆಯಿಂದ ಕೈ ತೆಗೆದಳು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಭಾವ ಕೋಲೂರಿ ಎದ್ದರು.

"ನೋಡವ್ವ, ಈಯಮ್ಮ ಮಾಡಿದ್ರೆ ಉಂಟು. ಬ್ಯಾರೆಯೋರು ಮುಟ್ಟಿದ್ದನ್ನ ನಾನು ಉಣ್ಣಲ್ಲ. ನಮ್ಮ ವ್ಯಾನ್ನೋರು ಒಬ್ರೂ ಉಣ್ಣಲ್ಲ. ಎಲ್ರಿಗೂ ಹೊಟ್ಟೆನೋವು."

"ಇದ್ಯಾವ ಊರಿನ ಶಾಸ್ತ್ರನಪ್ಪ!" ಎಂದು ಆ ಹೆಂಗಸು ಮೂಗಿನ ಮೇಲೆ ಬೆರಳಿಟ್ಟರು.

"ನಮ್ಮೂರಿಂದು" ಎಂದರು ಭಾವ.

ವ್ಯಾನಿನವರೆಲ್ಲ ಎದ್ದು ಭಾವನ ಹಿಂದೆ ನಿಂತರು. ಮೇಡಂ ಮಗ ಬಂದು ಎಡೆಯ ಸಾಮಾನಿನ ತಟ್ಟೆಯನ್ನು ರತ್ನಮ್ಮನ ಮುಂದಿಟ್ಟ.

ರತ್ನಮ್ಮ ಮಾಡಿದಳು. ಮೇಡಂ ಫೋಟೋದ ಮುಂದೆ ಬಾಳೆಎಲೆ ಹಾಕಿ ಮುದ್ದೆ, ಸಾರು, ಪಾಯಸ ಎಲ್ಲ ಬಡಿಸಿದೆವು. ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ಕಾದೆವು. ರತ್ನಮ್ಮ ಹೊಸ್ತಿಲ ಹತ್ತಿರ ಬಾಗಿಲಿಗೆ ಒರಗಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈ ಹಿಡಿದುಕೊಂಡು, "ಅಕ್ಕ, ಸಾರಿಗೆ ಹುಳಿ ಒಸಿ ಜಾಸ್ತಿ ಆಯ್ತು ಅನ್ನಿಸ್ತದೆ. ಮೇಡಂ ಏನೂ ಅನ್ನಲ್ಲ, ಹಂಗೇ ಉಂಡ್ಬುಡ್ತಾರೆ" ಎಂದಳು.

ನಾವಿಬ್ಬರೂ ಬಾಗಿಲಿಗೆ ಕಿವಿ ಕೊಟ್ಟುಕೊಂಡು ಕೂತೆವು.