ನೆನಪಿಲ್ಲದ ಮುನಿಸು

ಎಲ್ಲರ ಬಾಯಲ್ಲೂ ಅವರು ನಂಬರಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಾಗ ಹೆಸರು ಹೇಳಿದರೆ ಸಾಕು, ನಂಬರಿನ ಪುಸ್ತಕ ನೋಡದೆಯೇ ಲೈನು ಜೋಡಿಸಿಕೊಡುತ್ತಿದ್ದರು. ಅವರ ಅವಳಿ ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡೇ ಮನೆಯೆಲ್ಲ ಹುಡುಕುವ ಜಾತಿ.

ಎಪ್ಪತ್ತು ದಾಟಿದ್ದೇ ಎಲ್ಲ ತಿರುಗುಮುರುಗಾಯಿತು. ಒಂದು ದಿನ ಅಂಗಡಿಯೆದುರು ಹೆಂಗಸೊಬ್ಬಳು ನಂಬರಮ್ಮನನ್ನು ಬಾಚಿ ತಬ್ಬಿಕೊಂಡಳು. ಯಾರೆಂದು ಹೊಳೆಯದೆ ನಂಬರಮ್ಮ, "ಮಕ್ಕಳೆಲ್ಲ ಆರಾಮಾ?" ಎಂದುಬಿಟ್ಟರು.

"ಅಯ್ಯೋ, ಕೆಲಸದಲ್ಲಿ ನಿನ್ನ ಪಕ್ಕದ ಕುರ್ಚಿಯವಳು ಕಣೇ! ಅವಳಿಗೆ ಮಕ್ಕಳೆಲ್ಲಿ?" ಎಂದರು ಜೊತೆಗಿದ್ದ ಅಕ್ಕ, ಮನೆಗೆ ಬರುವ ದಾರಿಯಲ್ಲಿ.

ತೋರಿಸಿಕೊಂಡೇ ತೀರಬೇಕೆಂದು ನಂಬರಮ್ಮ ಹಟ ಹಿಡಿದರು. ಇಬ್ಬರೂ ಡಾಕ್ಟರ ಹತ್ತಿರ ಹೋದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು, "ಇಬ್ಬರಿಗೂ ಕಾಯಿಲೆ ಏನಿಲ್ಲಮ್ಮ. ವಯಸ್ಸಾದ ಹಾಗೆ ನೆನಪು ಒಬ್ಬೊಬ್ಬರಲ್ಲಿ ಒಂದೊಂದು ಥರ," ಎಂದರು.

"ಒಂದೇ ಹೊಟ್ಟೆಲಿ ಹುಟ್ಟಿದೀವಿ ಡಾಕ್ಟ್ರೇ. ನನಗೇ ಯಾಕೆ?"

"ನಿದ್ದೆ, ಓಡಾಟ, ನಾಲ್ಕು ಜನರ ಜೊತೆ ಮಾತು, ಎಲ್ಲಾ ಸೇರಿರಬಹುದು. ಇದೇ ಕಾರಣ ಅಂತ ಬೆರಳಿಟ್ಟು ತೋರಿಸೋಕೆ ನಮಗೂ ಆಗಲ್ಲ."

ನಂಬರಮ್ಮನ ತಲೆ ಇನ್ನಷ್ಟು ಕೆಟ್ಟಿತು. ದಿನಾ ನಡೆಯುವವರು ತಾವು, ಅಕ್ಕ ಮೆಷಿನ್ ಬಿಟ್ಟು ಏಳುವವರಲ್ಲ. ಗೊರಕೆ ಹೊಡೆಯುವವರೂ ತಾವೇ, ಅಕ್ಕನಿಗೆ ನಿದ್ದೆಯೇ ಇಲ್ಲ. ಹೇಗೆ ಯೋಚಿಸಿದರೂ ತಾಳೆಯಾಗದು.

ಒಂದು ಮಧ್ಯಾಹ್ನ ಹೊದಿಕೆ ಮಡಚುತ್ತ ಅಕ್ಕ ಕೇಳಿದರು: "ಅಪ್ಪ ಹೋದಾಗ ನೀನು ನನ್ನ ಜೊತೆ ಮಾತು ಬಿಟ್ಟಿದ್ದು ನೆನಪಿದೆಯಾ?"

"ನಾನಾ? ಯಾಕೆ?"

ಅಕ್ಕನ ಕೈ ನಿಂತಿತು. "ನೀನಾಗ ಎಕ್ಸ್‌ಚೇಂಜ್ ಹಿಂದಿನ ರೂಮಲ್ಲಿ ಒಬ್ಬಳೇ ಇರ್ತಿದ್ದೆ. ಅಪ್ಪ ಉಳಿಯಲ್ಲ ಅಂತ ಗೊತ್ತಿದ್ರೂ ನಾನು ಹೇಳಲಿಲ್ಲ. ಒಂದು ಫೋನ್ ಮಾಡಿದ್ರೆ ನೀನೇ ಎತ್ತುತ್ತಿದ್ದೆ. ನೀನು ಬಂದ್ರೆ ಅಪ್ಪ ನಿನ್ನ ಕೈನೇ ಹಿಡಿದುಕೊಳ್ತಾರೆ ಅಂತ ಹೊಟ್ಟೆಕಿಚ್ಚು. ವರ್ಷಗಟ್ಟಲೆ ನೀನು ನನ್ನ ಮುಖ ನೋಡಲಿಲ್ಲ."

ನಂಬರಮ್ಮ ಕಣ್ಣು ಮುಚ್ಚಿ ತಡಕಾಡಿದರು. ಅಪ್ಪನ ಮುಖ ಸಿಕ್ಕಿತು, ಆ ಸಿಟ್ಟು ಸಿಗಲಿಲ್ಲ. ಈಗ ಹೊಸದಾಗಿ ಸಿಟ್ಟಾಗಬೇಕೆ? ತಾನು ಯಾವತ್ತೋ ಕ್ಷಮಿಸಿದ್ದೆನೋ, ಬರೀ ಮರೆತೆನೋ? ಮರೆತಿದ್ದರೆ ಅದು ಕ್ಷಮೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ?

"ಏನಾದ್ರೂ ಅನ್ನೇ," ಎಂದರು ಅಕ್ಕ, ಮೂಗೊರೆಸಿಕೊಳ್ಳುತ್ತ.

"ಏನಂತ ಅನ್ನಲಿ? ನನಗೇ ತಿಳೀತಿಲ್ಲ," ಎಂದು ನಂಬರಮ್ಮ ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡರು.