ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಇಪ್ಪತ್ತಾರು ಅಂಚುಗಳು

ಮಾರನೆಯ ದಿನ ಬೆಳಗ್ಗೆ ನನ್ನತ್ತೆ ಟೀಚರ್ ಆಗಬೇಕಿತ್ತು. ಆ ಮಧ್ಯಾಹ್ನ ನಾನು ಅವರ ಪಾಠವನ್ನೆಲ್ಲ ಕಳೆದುಬಿಟ್ಟೆನೆಂದು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ.

ಅತ್ತೆ ಎಂದರೆ ನನ್ನ ಗಂಡನ ತಾಯಿ. ತಮಿಳುನಾಡಿನ ಎಡಪ್ಪಾಡಿಯ ನಮ್ಮ ಬೀದಿಯಲ್ಲಿ ಸೀರೆಯ ಅಂಚಿನ ಎಳೆಗಳನ್ನು ಕೈಯಿಂದಲೇ ಎತ್ತಿ ನೇಯುತ್ತಿದ್ದವರಲ್ಲಿ ಕೊನೆಗೆ ಉಳಿದವರು ಇವರೊಬ್ಬರೇ. ಮಿಕ್ಕ ಮನೆಗಳಲ್ಲೆಲ್ಲ ಆ ಕೆಲಸವನ್ನು ವಿನ್ಯಾಸದ ತೂತು ಕೊರೆದ ರಟ್ಟಿನ ಅಟ್ಟೆ ಪೋಣಿಸಿದ ಯಂತ್ರ ಮಾಡುತ್ತದೆ. ಅತ್ತೆಯ ಅಂಚುಗಳು ಯಾವ ಅಟ್ಟೆಯ ಮೇಲೂ ಇರಲಿಲ್ಲ. ಎರಡು ಎತ್ತು, ಒಂದು ಬಿಡು, ಮೂರು ಎತ್ತು, ಹೀಗೆ ಲೆಕ್ಕವೆಲ್ಲ ಅವರ ಬೆರಳಲ್ಲಿತ್ತು. ಅವರು ಓದಿದವರಲ್ಲ. ನಾವು ಮನೆಯಲ್ಲಿ ಆಡುವ ಕನ್ನಡವನ್ನು ನಮ್ಮ ಬೀದಿಯಲ್ಲಿ ಯಾರೂ ಬರೆಯುವುದೂ ಇಲ್ಲ, ಬರೆದರೆ ತಮಿಳಿನಲ್ಲೇ.

ಮಂಡಿನೋವು ಹೆಚ್ಚಾಗಿ ಇನ್ನು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂರಲು ಆಗದು ಎಂದಾದಾಗ ಮಗ್ಗವನ್ನು ಬಿಚ್ಚಿ ನೆಂಟರಿಗೆ ಕೊಡುವುದೆಂದು ತೀರ್ಮಾನವಾಯಿತು. ನನಗೆ ತಡೆಯಲಾಗಲಿಲ್ಲ. ಆ ಲೆಕ್ಕವೆಲ್ಲ ಮಗ್ಗದ ಜೊತೆಗೇ ಹೋಗಿಬಿಡುತ್ತದಲ್ಲ! ಸೇಲಂನ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕಂಪ್ಯೂಟರ್ ಕೆಲಸ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗುತ್ತೇನೆ, ಉಳಿದ ದಿನ ಮನೆಯಿಂದಲೇ. ಒಂದು ಭಾನುವಾರ ಕೂತು ಫೋನಿನಲ್ಲಿ ತೆರೆಯುವಂಥ ಒಂದು ಪುಟ ಮಾಡಿದೆ. ಅದರಲ್ಲಿ ಒಂದೇ ಒಂದು ಕೆಂಪು ಗುಂಡಿ. ಒತ್ತಿ ಮಾತಾಡಬೇಕು, ಮತ್ತೆ ಒತ್ತಿದರೆ ದನಿ ಎಲ್ಲೋ ಒಂದು ಕಡೆ ಉಳಿಯುತ್ತದೆ. ಅತ್ತೆ ನೋವು ತಡೆದುಕೊಂಡು, ದಿನಕ್ಕೆ ಸ್ವಲ್ಪ ಹೊತ್ತಿನಂತೆ ಒಂದು ತಿಂಗಳು ಮಗ್ಗದಲ್ಲಿ ಕೂತು ಎಳೆ ಎತ್ತುತ್ತಾ ಲೆಕ್ಕ ಹೇಳಿದರು. ರುದ್ರಾಕ್ಷಿ, ಮಲ್ಲಿಗೆ ಮೊಗ್ಗು, ಕೋಳಿಕಣ್ಣು, ಒಟ್ಟು ಇಪ್ಪತ್ತಾರು ಅಂಚು. ಆಮೇಲೆ ಮಗ್ಗ ಹೋಯಿತು.

ಹೋದ ಮೇಲೆ ಒಮ್ಮೆ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅತ್ತೆಯನ್ನು ರುದ್ರಾಕ್ಷಿ ಅಂಚಿನ ಲೆಕ್ಕ ಕೇಳಿದ್ದೆ. ನಾಲ್ಕು ಸಾಲು ಹೇಳಿ ನಿಂತುಬಿಟ್ಟರು. ಎರಡೂ ಕೈ ಎತ್ತಿ ನೋಡಿಕೊಂಡರು.

"ಕೈ ಮುಂದೆ ಓಗ್ಬೇಕು ಕಣ್ಣು, ಬಾಯಿ ಅದ್ರ ಇಂದೆ ಬತ್ತದೆ. ಮಗ್ಗ ಇಲ್ದೆ ನಂಗೇನೂ ತೋಚಕಿಲ್ಲ" ಎಂದರು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೆ ಕಣ್ಣು ಎನ್ನುತ್ತಾರೆ. ಸಿಟ್ಟು ಬಂದಾಗಲೂ ಅತ್ತೆ ನನ್ನನ್ನು ಹಾಗೇ ಕರೆಯುವುದು, ದನಿ ಮಾತ್ರ ಬೇರೆ.

ಇದಾದ ಕೆಲವು ತಿಂಗಳಿಗೆ ಊರಿನ ನೇಯ್ಗೆ ತರಬೇತಿ ಕೇಂದ್ರದಿಂದ ಕರೆ ಬಂತು. ಹದಿನೈದು ಹುಡುಗಿಯರಿಗೆ ಕೈಯಿಂದ ಎತ್ತುವ ಅಂಚು ಹೇಳಿಕೊಡಲು ಯಾರಾದರೂ ಇದ್ದಾರಾ ಎಂದು ಕೇಳಿದರು. ನಾನು ಹಿಂದೆಮುಂದೆ ನೋಡದೆ ಇದ್ದಾರೆ ಎಂದುಬಿಟ್ಟೆ. ಅತ್ತೆ ಕೇಳಿದ್ದೇ ಉರಿದುಬಿದ್ದರು.

"ನಾನ್ ಏನ್ ಟೀಚರಾ? ನಂಗೇನ್ ತಿಳೀತದೆ? ಓದಿರೋ ಮಕ್ಳು ಮುಂದೆ ನಿಂತ್ಕಂಡು ಬಾಯಿ ಬಿಟ್ರೆ ನಗ್ತಾರೆ. ಬ್ಯಾಡ ಅಂದ್ರೆ ಬ್ಯಾಡ."

ಹತ್ತು ದಿನ ಇದೇ ಹಾಡು. ನಾನೂ ಬಿಡುವವಳಲ್ಲ. ಸಿಟ್ಟು ಮಾಡಿದೆ, ಮಾತು ಬಿಟ್ಟೆ, ಕೊನೆಗೆ ಗೋಗರೆದೆ. ಹನ್ನೊಂದನೆಯ ದಿನ ಒಂದು ಷರತ್ತು ಹಾಕಿ ಒಪ್ಪಿದರು. "ನಾನ್ ಮಾತಾಡಕಿಲ್ಲ. ನಿನ್ ಪೋನ್ ಮಾತಾಡ್ಲಿ, ನಾನ್ ಪಕ್ಕದಾಗೆ ನಿಂತ್ಕತೀನಿ." ಫೋನು ಮಾತಾಡದಿದ್ದರೆ ಅತ್ತೆ ಹೋಗುವುದಿಲ್ಲ, ಅದು ಖಡಾಖಂಡಿತ.

ಈಗ ನನ್ನ ಸೋಮಾರಿತನ ಹೇಳಿಕೊಳ್ಳಬೇಕು. ನಾನು ಮಾಡಿದ ಪುಟದಲ್ಲಿ ದನಿ ಹಿಡಿಯುವ ಗುಂಡಿ ಇತ್ತೇ ಹೊರತು ಕೇಳಿಸುವ ಗುಂಡಿ ಇರಲಿಲ್ಲ. ಆಮೇಲೆ ಮಾಡೋಣ ಎಂದುಕೊಂಡದ್ದು, ಆ ಆಮೇಲೆ ಬಂದದ್ದು ಪಾಠದ ಹಿಂದಿನ ದಿನ. ರಜೆ ಹಾಕಿ, ಮಧ್ಯಾಹ್ನದ ಊಟದ ಹೊತ್ತಿಗೆ ಗುಂಡಿ ಮಾಡಿ ಮುಗಿಸಿದೆ. ಹೊಸ ಪುಟವನ್ನು ಏರಿಸಬೇಕು ಎನ್ನುವಾಗ ನೆನಪಾಯಿತು ನೋಡಿ, ದನಿಗಳನ್ನು ಇಟ್ಟದ್ದು ಎಲ್ಲಿ ಎಂದು.

ನನ್ನ ಪುಟ ಓಡುತ್ತಿದ್ದುದು ಒಂದು ಕಂಟೈನರಿನಲ್ಲಿ. ದೂರದ ಯಾವುದೋ ಯಂತ್ರದಲ್ಲಿ ನಾವು ಬಾಡಿಗೆಗೆ ಹಿಡಿದ ಒಂದು ಪೆಟ್ಟಿಗೆ ಎಂದುಕೊಳ್ಳಿ. ಪ್ರೋಗ್ರಾಮು ಮತ್ತು ಅದಕ್ಕೆ ಬೇಕಾದ ಸಾಮಾನು ಅದರೊಳಗೇ ಇರುತ್ತವೆ. ಹೊಸತನ್ನು ಏರಿಸಿದರೆ ಹಳೆಯ ಪೆಟ್ಟಿಗೆಯನ್ನು ಇದ್ದ ಹಾಗೇ ಬಿಸಾಕಿ ಹೊಸ ಪೆಟ್ಟಿಗೆ ಇಡುತ್ತಾರೆ. ಉಳಿಯಬೇಕಾದ್ದನ್ನು ಹೊರಗೆ ಬೇರೆ ಜಾಗದಲ್ಲಿ ಇಡಬೇಕು ಎನ್ನುವುದು ಈ ಕೆಲಸ ಕಲಿಯುವವರಿಗೆ ಮೊದಲ ವಾರ ಹೇಳುವ ಮಾತು. ನಾನು ಇಪ್ಪತ್ತಾರು ಅಂಚನ್ನೂ ಪೆಟ್ಟಿಗೆಯ ಒಳಗೇ ಇಟ್ಟಿದ್ದೆ! ಸಾಲದ್ದಕ್ಕೆ, ಪೆಟ್ಟಿಗೆಯನ್ನು ಬಾಡಿಗೆಗೆ ಕೊಟ್ಟವರು ಆ ಸಂಜೆ ಐದಕ್ಕೆ ಯಂತ್ರ ಬದಲಾಯಿಸುವುದಾಗಿ ವಾರದ ಹಿಂದೆಯೇ ಮೇಲ್ ಕಳಿಸಿದ್ದರು. ನಾನು ಓದಿ ಮರೆತಿದ್ದೆ. ನಾನು ಸುಮ್ಮನೆ ಕೂತರೂ ಐದಕ್ಕೆ ಪೆಟ್ಟಿಗೆ ಹೋಗುತ್ತದೆ, ಒಳಗಿದ್ದದ್ದೆಲ್ಲ ಅದರ ಜೊತೆಗೆ. ಗಡಿಯಾರ ನೋಡಿದೆ, ಎರಡೂವರೆ.

ಪೆಟ್ಟಿಗೆಯೊಳಗೆ ಇಣುಕಲು ಬಾಡಿಗೆಗೆ ಕೊಟ್ಟವರೇ ಒಂದು ಕಿಟಕಿ ಕೊಡುತ್ತಾರೆ. ಅದರ ಬಾಗಿಲಲ್ಲಿ ಶೆಲ್ ಎನ್ನುವುದೊಂದು ಕೂತಿರುತ್ತದೆ, ನಾವು ಟೈಪ್ ಮಾಡಿದ ಆಜ್ಞೆಯನ್ನು ಓದಿ ಅದನ್ನು ಮಾಡುವ ಪುಟ್ಟ ಪ್ರೋಗ್ರಾಮನ್ನು ಕರೆಯುವುದು ಅದರ ಕೆಲಸ. ಒಳಗೆ ಏನೇನಿದೆ ತೋರಿಸು ಎನ್ನಲು ಎಲ್ಎಸ್ ಎಂದು ಹೊಡೆದೆ.

ಸಿಗಲಿಲ್ಲ, ಎಂದಿತು.

ಕಡತ ಓದುವ ಕ್ಯಾಟ್ ಹೊಡೆದೆ, ಸಿಗಲಿಲ್ಲ. ನಕಲು ಮಾಡುವ ಸಿಪಿ, ಸಿಗಲಿಲ್ಲ. ಈ ಕೆಲಸ ಮಾಡುವವರಿಗೆ ಎಲ್ಎಸ್ ಇಲ್ಲ ಎಂದರೆ ಏನೆಂದು ಹೇಳಲಿ, ಮನೆಯಲ್ಲಿ ಚೊಂಬೇ ಇಲ್ಲ ಎಂದ ಹಾಗೆ. ಯಾಕೆ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡೆ. ಪೆಟ್ಟಿಗೆ ಹಗುರಾಗಿರಲಿ ಎಂಬ ಜಂಬದಲ್ಲಿ, ಬೇಡವೆನಿಸಿದ್ದನ್ನೆಲ್ಲ ನಾನೇ ಕಿತ್ತು ಹಾಕಿದ್ದೆ. ಆ ಭರದಲ್ಲಿ ಇವನ್ನೂ ಕಿತ್ತಿರಬೇಕು. ಪೆಟ್ಟಿಗೆ ಇದೆ, ಅಂಚುಗಳು ಒಳಗಿವೆ, ಎತ್ತಿಕೊಡುವ ಕೈ ಇಲ್ಲ. ಒಂದು ಗಂಟೆ ಅದೇ ಆಜ್ಞೆಗಳನ್ನು ತಿರುಗಿಸಿ ಮುರುಗಿಸಿ ಹೊಡೆದೆ. ಆಮೇಲೆ ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಬೈದೆ. ತಮಿಳಿನಲ್ಲಿ ಬೈದೆ, ಬೈಗುಳಕ್ಕೆ ಅದೇ ಸರಿ.

ಸದ್ದು ಕೇಳಿ ಅತ್ತೆ ತಟ್ಟುವಡೆಯ ತಟ್ಟೆ ಹಿಡಿದು ಬಂದರು.

"ಯಾರ್ನ ಬಯ್ತಾ ಇದ್ದೀಯಾ? ಮನೇಲಿ ನಾನೊಬ್ಳೇ ಇರೋದು."

ಮುಚ್ಚಿಡೋಣ ಎಂದುಕೊಂಡಿದ್ದೆ. ಆಗಲಿಲ್ಲ. ಆ ಮುಖ ನೋಡಿದ ಕೂಡಲೇ ಎಲ್ಲ ಹೇಳಿಬಿಟ್ಟೆ. ನೀವು ಹೇಳಿದ ಲೆಕ್ಕವೆಲ್ಲ ಒಂದು ಪೆಟ್ಟಿಗೆಯಲ್ಲಿದೆ, ಐದು ಗಂಟೆಗೆ ಪೆಟ್ಟಿಗೆ ಹೋಗುತ್ತದೆ, ತೆಗೆಯಲು ನನ್ನಿಂದ ಆಗುತ್ತಿಲ್ಲ, ತಪ್ಪೆಲ್ಲ ನನ್ನದು.

ಅತ್ತೆ ತಟ್ಟೆ ಕೆಳಗಿಟ್ಟು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಓದ್ರೆ ಓಯ್ತು ಬುಡು" ಎಂದರು ಮೆಲ್ಲಗೆ. "ನಂಗೂ ನಾಳೆ ಓಗೋದ್ ತಪ್ತು." ಅವರ ಮುಖದಲ್ಲಿ ನಿರಾಳ ಇರಬೇಕಿತ್ತು, ಇರಲಿಲ್ಲ. ಹಿಂದಿನ ದಿನವೇ ಮಡಿಕೆ ಮಾಡಿ ಇಟ್ಟಿದ್ದ ಸೀರೆಯನ್ನು ನಾನು ನೋಡಿದ್ದೆ. ಹೋಗಬೇಕೆಂದು ಅವರಿಗೆ ಆಸೆ ಇತ್ತು. ಅದು ತಿಳಿದು ನನಗೆ ಇನ್ನೂ ಸಂಕಟವಾಯಿತು.

ಸ್ವಲ್ಪ ಹೊತ್ತು ಪರದೆ ನೋಡಿ ಕೇಳಿದರು, "ಅದು ಏನ್ ಏಳ್ತಾ ಐತೆ?"

"ನಾನು ಕೇಳಿದ್ದು ಸಿಗಲಿಲ್ಲ ಅಂತ ಹೇಳ್ತಾ ಐತೆ ಅತ್ತೆ."

"ಸಿಗಲಿಲ್ಲ ಅಂತಾನಾ, ಇಲ್ಲ ಅಂತಾನಾ?"

"ಎರಡೂ ಒಂದೇ ಅಲ್ವಾ?"

"ಅದೆಂಗ್ ಒಂದೇ ಆಯ್ತದೆ?" ಅತ್ತೆಗೆ ರೇಗಿತು. "ಮಗ್ಗದಾಗೆ ಎಳೆ ಕಡೀತದೆ. ಹೊಸಬ್ರು ಮುಂದ್ಗಡೆ ತಡಕಾಡ್ಬುಟ್ಟು ಎಳೆ ಕಾಣೆ ಓಯ್ತು ಅಂತಾ ಬಾಯ್ ಬಡ್ಕತಾರೆ. ಎಳೆ ಎಲ್ ಓಯ್ತದೆ? ಇಂದಕ್ಕೆ ಜಾರ್ಕಂಡು ಕೋಲ್ ಮೇಲೆ ಬಿದ್ದಿರ್ತದೆ. ಎದ್ದು ಇಂದ್ಗಡೆ ಓಗಿ ನೋಡ್ಬೇಕು. ನೀನು ಕೂತಲ್ಲೇ ಕೂತು ಒಂದನ್ನೇ ನೂರ್ ಸಲ ಕೇಳ್ತಾ ಇದ್ದೀಯಲ್ಲ!"

ನನಗೂ ರೇಗಿತು. ಮಗ್ಗವೇ ಬೇರೆ, ಇದೇ ಬೇರೆ ಎನ್ನಲು ಹೊರಟವಳಿಗೆ ಅಷ್ಟರಲ್ಲಿ ತಿಳಿಯಿತು. ನಾನು ನಿಜವಾಗಿ ಹಿಂದೆ ಹೋಗಿ ನೋಡಿರಲಿಲ್ಲ. ಕಿತ್ತು ಹಾಕಿದ್ದೇನೆ ಎಂದು ನಂಬಿಕೊಂಡು ಅಲ್ಲೇ ತಡಕಾಡುತ್ತಿದ್ದೆ.

ಆದರೆ ಎಲ್ಎಸ್ ಇಲ್ಲದೆ ನೋಡುವುದು ಹೇಗೆ? ಆಗ ಹೊಳೆಯಿತು. ಕೆಲವು ಸಣ್ಣ ಕೆಲಸಗಳನ್ನು ಶೆಲ್ ಯಾರನ್ನೂ ಕರೆಯದೆ ತಾನೇ ಮಾಡುತ್ತದೆ. ಎಕೋ ಅಂಥದ್ದು, ಕೊಟ್ಟದ್ದನ್ನು ತಿರುಗಿ ಹೇಳುವುದು. ಅದಕ್ಕೆ ಒಂದು ಜಾಗದ ಹೆಸರು ಕೊಟ್ಟು ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕಿದರೆ, ಅಲ್ಲಿರುವ ಹೆಸರುಗಳನ್ನೆಲ್ಲ ಒದರುತ್ತದೆ. ಆಜ್ಞೆಗಳು ಇರಬೇಕಾದ ಬಿನ್ ಎಂಬ ಜಾಗ ಕೊಟ್ಟು ಹೊಡೆದೆ.

ಪರದೆ ತುಂಬ ಹೆಸರುಗಳು ಸುರಿದವು. ಎಲ್ಎಸ್ ಇದೆ! ಕ್ಯಾಟ್ ಇದೆ, ಸಿಪಿ ಇದೆ, ನಾನು ಒಂದು ಗಂಟೆಯಿಂದ ಗೋಳಾಡಿದ್ದೆಲ್ಲ ಅಲ್ಲೇ ತಣ್ಣಗೆ ಕೂತಿದೆ.

"ಅತ್ತೇ!" ಎಂದು ಕಿರುಚಿದೆ. ಅವರು ಕುರ್ಚಿಯಿಂದ ಬೀಳುವುದೊಂದು ಬಾಕಿ.

ಹಾಗಾದರೆ ಶೆಲ್ಲಿಗೆ ಯಾಕೆ ಸಿಗಲಿಲ್ಲ? ಆಜ್ಞೆ ಕೊಟ್ಟಾಗ ಯಾವ ಯಾವ ಜಾಗದಲ್ಲಿ ಹುಡುಕಬೇಕು ಎಂಬ ಒಂದು ಪಟ್ಟಿ ಅದರ ಹತ್ತಿರ ಇರುತ್ತದೆ, ಪಾತ್ ಎನ್ನುತ್ತಾರೆ. ಆ ಪಟ್ಟಿಯನ್ನು ತೋರಿಸು ಎಂದೆ. ಒಂದೇ ಒಂದು ಜಾಗದ ಹೆಸರಿತ್ತು, ನನ್ನ ಪ್ರೋಗ್ರಾಮು ಇರುವ ಜಾಗ. ಪೆಟ್ಟಿಗೆ ಕಟ್ಟುವಾಗ ನನ್ನ ಜಾಗವನ್ನು ಹಳೆಯ ಪಟ್ಟಿಗೆ ಸೇರಿಸುವ ಬದಲು, ಹಳೆಯ ಪಟ್ಟಿಯನ್ನೇ ಅಳಿಸಿ ನನ್ನದೊಂದನ್ನೇ ಬರೆದಿದ್ದೆ. ನಾನು ಏನನ್ನೂ ಕಿತ್ತಿರಲಿಲ್ಲ. ಎಲ್ಲಿ ಹುಡುಕಬೇಕು ಎನ್ನುವುದನ್ನು ಮಾತ್ರ ಮರೆಸಿದ್ದೆ.

ಅತ್ತೆಗೆ ಇದನ್ನು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದ ಎಳೆಗಳ ಸಾಲು, ಏರಿಸುವಾಗ ಹಳೆಯದನ್ನು ಪೂರಾ ತೆಗೆಯುವುದಿಲ್ಲ. ಕೊನೆಯ ಒಂದು ಗೇಣು ಬಿಟ್ಟು, ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದು ಹಳೆ ಎಳೆಗೂ ಹೊಸ ಎಳೆಯನ್ನು ಹೊಸೆದು ಸೇರಿಸುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನೇ ಅವರು ನನಗೆ ಮೊದಲು ಕಲಿಸಿದ್ದು. "ಅಷ್ಟ್ ಏಳ್ಕೊಟ್ರೂ ಹಳೇದ್ನ ಕತ್ತರಿಸ್ಬುಟ್ಟಿದ್ದೀಯಾ! ಸಂಬ್ಳ ಯಾವ್ದಕ್ ಕೊಡ್ತಾರೆ ನಿಂಗೆ?"

ಬೈಸಿಕೊಂಡು ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಒಂದೊಂದು ಆಜ್ಞೆಯನ್ನೂ ಅದರ ಪೂರ್ತಿ ವಿಳಾಸ ಕೊಟ್ಟು ಕರೆದೆ, ಕರೆದದ್ದೆಲ್ಲ ಬಂದವು. ದನಿಗಳಿದ್ದ ಜಾಗ ತೋರಿಸು ಎಂದೆ. ಒಂದು, ಎರಡು, ಮೂರು ಎಂದು ಬೆರಳಿಟ್ಟು ಎಣಿಸಿದೆ. ಇಪ್ಪತ್ತಾರೂ ಇದ್ದವು. ಎಲ್ಲವನ್ನೂ ಗಂಟು ಕಟ್ಟಿ ಹೊರಗೆ ತೆಗೆದು, ನನ್ನ ಕಂಪ್ಯೂಟರಿನಲ್ಲಿ ಒಂದು ಸಲ, ಫೋನಿನಲ್ಲಿ ಒಂದು ಸಲ ಇಳಿಸಿ, ಗಂಡನ ಫೋನಿಗೂ ಕಳಿಸಿದೆ. ಮಿಲ್ಲಿನ ಕೆಲಸದಲ್ಲಿದ್ದ ಅವರು, ಇದೇನು ಎಂದು ಕೇಳಿ ಮೆಸೇಜ್ ಹಾಕಿದರು. ಅಳಿಸಿದರೆ ಮನೆಗೆ ಬರಬೇಡಿ ಎಂದು ಉತ್ತರ ಕೊಟ್ಟೆ. ಆಗ ನಾಲ್ಕು ಗಂಟೆ ಹತ್ತು ನಿಮಿಷ.

"ಒಂದ್ ಆಕು, ಕೇಳಾನ" ಎಂದರು ಅತ್ತೆ.

ರುದ್ರಾಕ್ಷಿ ಅಂಚು ಹಾಕಿದೆ. ಮಗ್ಗದ ಟಕ್ ಟಕ್ ಸದ್ದು, ಅದರ ನಡುವೆ ಹೆಂಗಸಿನ ದನಿ. ಎರಡು ಎತ್ತು, ಒಂದು ಬಿಡು. ಅವಸರವಿಲ್ಲ, ಅನುಮಾನವಿಲ್ಲ. ಮೂರು ಎತ್ತು, ಮೂರು ಬಿಡು, ಇಲ್ಲಿ ಎಲ್ರೂ ತಪ್ತಾರೆ, ನೋಡ್ಕಂಡು ಎತ್ತು. ಅತ್ತೆ ತಲೆ ಬಗ್ಗಿಸಿ ಕೇಳುತ್ತಿದ್ದವರು ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದರು.

"ಯಾರ್ ಇದು, ಕಣ್ಣು?"

"ಯಾರಂದ್ರೆ? ನೀವೇ ಅತ್ತೆ."

"ಸುಳ್ ಏಳ್ಬ್ಯಾಡ." ಇನ್ನೂ ಹತ್ತಿರಕ್ಕೆ ಬಾಗಿದರು. "ಇದು ನಮ್ಮವ್ವ."

ಅವರ ಅವ್ವ ತೀರಿಕೊಂಡು ನಲವತ್ತು ವರ್ಷದ ಮೇಲಾಗಿತ್ತು. ತಮ್ಮ ದನಿ ಹೊರಗಿನಿಂದ ಕೇಳಿದರೆ ಹೇಗಿರುತ್ತದೆಂದು ಅತ್ತೆ ಹುಟ್ಟಿದಾಗಿನಿಂದ ಒಮ್ಮೆಯೂ ಕೇಳಿದವರಲ್ಲ. ನಾನು ಸದ್ದನ್ನು ಇನ್ನಷ್ಟು ಜೋರು ಮಾಡಿದೆ. ಅಂಚು ಮುಗಿಯಿತು. ಇನ್ನೊಂದು ಸಲ ಹಾಕು ಎಂದರು, ಹಾಕಿದೆ. ಮೂರನೆಯ ಸಲ ಅವರ ಎರಡೂ ಕೈ ಮೇಜಿನ ಅಂಚಿನ ಮೇಲೆ ಬಂದು, ಇಲ್ಲದ ಎಳೆಗಳನ್ನು ಎತ್ತತೊಡಗಿದವು. ತುಟಿ ಆ ದನಿಯ ಜೊತೆಗೆ ಆಡುತ್ತಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಬೆಳಗ್ಗೆ ಇಬ್ಬರೂ ಕೇಂದ್ರಕ್ಕೆ ಹೋದೆವು. ಹದಿನೈದು ಹುಡುಗಿಯರು ಎದ್ದು ನಿಂತರು. ನಾನು ಫೋನು ತೆಗೆದು ಗುಂಡಿಯ ಮೇಲೆ ಬೆರಳಿಟ್ಟೆ. ಅತ್ತೆ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಅಲ್ಲಿದ್ದ ಮಗ್ಗದ ಹತ್ತಿರ ಹೋದರು.

"ಬನ್ರವ್ವಾ, ಇಂಗೆ ಸುತ್ತಾ ನಿಂತ್ಕಳಿ" ಎಂದರು. "ಇದು ನಮ್ಮವ್ವ ನಂಗ್ ಏಳ್ಕೊಟ್ಟಿದ್ದು. ನಾನ್ ನಿಮ್ಗೆ ಏಳ್ಕೊಡ್ತೀನಿ."