ಸಾತ್ ಅಟ್ಠೇ?

ಆಗ ನಮ್ಮ ಯಲಬುರ್ಗಾ ಕಡೆಯ ಹುಡುಗರಿಗೆಲ್ಲ ಎರಡೆರಡು ಬಾಯಿ. ಮನೆಯಲ್ಲಿ ರೊಟ್ಟಿ ಕೇಳಲು ಕನ್ನಡದ್ದು, ನಿಜಾಮರ ಸಾಲೆಯಲ್ಲಿ ಮಗ್ಗಿ ಹೇಳಲು ಉರ್ದುವಿನದು. ನನಗೆ ಮೂರನೆಯದೂ ಇತ್ತು: ಯಾರು ಮಾತಾಡಿದರೂ ಅವರಂತೆಯೇ ಆಡಿ ತೋರಿಸುವ ಬಾಯಿ. ಎಲೆಅಡಿಕೆ ಜಗಿಯುತ್ತ ಮಾತಾಡುವ ಮಾಸ್ತರರ ದನಿ ಅವರಿಗಿಂತ ನನಗೇ ಛಲೋ ಬರುತ್ತಿತ್ತು.

ಬರದಿದ್ದುದು ಲೆಕ್ಕ. ಸಂಜೆ ಸಾಲಾಗಿ ನಿಂತು ಮಗ್ಗಿ ಹಾಡುವಾಗ ನನ್ನ ದನಿಯೇ ಎತ್ತರ. ರಾಗ ಪೂರಾ ಬಾಯಿಪಾಠ. ನಡುವೆ ಮಾಸ್ತರರು ತಟ್ಟನೆ, "ಸಾತ್ ಅಟ್ಠೇ?" ಎಂದರೆ ಮುಗಿಯಿತು. ಏಳೆಂಟಲೆ ಐವತ್ತಾರು, ಛಪ್ಪನ್, ಎಂದು ಹೇಳಲು ನಾನು ಏಳೊಂದಲೆಯಿಂದ ಹಾಡಿಕೊಂಡೇ ಬರಬೇಕು. ಅಷ್ಟರಲ್ಲಿ ಬೇರೆ ಯಾರಾದರೂ ಉತ್ತರ ಹೇಳಿಬಿಡುತ್ತಿದ್ದರು.

ಉತ್ತರ ಹೇಳಿದವನು ಸೋತವನ ಮೂಗು ಹಿಡಿದು ಕಪಾಳಕ್ಕೆ ಹೊಡೆಯುವುದು ಸಾಲೆಯ ಪದ್ಧತಿ. ದೊಡ್ಡವರು, ಸಣ್ಣವರು ಎಲ್ಲರಿಗೂ ಒಂದೇ ಕೋಣೆ. ಒಂದು ದಿನ ಅದೇ ಸಾತ್ ಅಟ್ಠೇಗೆ ನಾನು ಸೋತೆ. ನನ್ನ ತಮ್ಮ ಶಿವಪ್ಪ, "ಛಪ್ಪನ್" ಎಂದು ಕೂಗಿದ.

"ಹೊಡಿ ನಿಮ್ಮಣ್ಣಗ," ಎಂದರು ಮಾಸ್ತರರು.

ಅವನು ನೊಣ ಓಡಿಸಿದಂತೆ ನನ್ನ ಕೆನ್ನೆ ಸವರಿದ.

"ಹಿಂಗಲ್ಲಲೇ, ಹಿಂಗ," ಎಂದು ಅವನ ಕಪಾಳಕ್ಕೇ ಬಾರಿಸಿ ತೋರಿಸಿದರು. ಆಮೇಲೆ ಅವನು ಹೊಡೆದ. ಕಿವಿ ಗುಂಯ್ ಎಂದದ್ದು ನನ್ನದು, ಅತ್ತದ್ದು ಅವನು.

ಮನೆದಾರಿಯಲ್ಲಿ, ಬೇವಿನ ಮರದ ಕೆಳಗೆ, ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ದೊಡ್ಡವರ ಮೇಲೆ ಕೈ ಮಾಡಬಾರದೆಂದು ಅವ್ವ ಕಲಿಸಿದ್ದಳು. ನಾನು ಮಾಸ್ತರರ ದನಿ ತೆಗೆದು ನನ್ನ ಕೆನ್ನೆಗೆ ನಾನೇ ಬಡಿದುಕೊಂಡೆ. ಅವನು ನಗಲಿಲ್ಲ.

"ಅಣ್ಣಾ, ಇನ್ನ ಮ್ಯಾಲ ನಾ ಉತ್ತರ ಹೇಳೂದಿಲ್ಲ."

"ಹೇಳಲೇ. ಬರತೈತಲ್ಲ ನಿನಗ."

"ಬಂದ್ರೇನಾತು? ನಿನ್ನ ಹೊಡೀಬೇಕಲ್ಲ."

ಮರುದಿನದಿಂದ ಉತ್ತರವನ್ನು ಬಾಯೊಳಗೇ ಇಟ್ಟುಕೊಂಡು, ನನ್ನ ಪಕ್ಕ ನಿಂತು, ಬೇರೆಯವರ ಕೈಯಿಂದ ಪೆಟ್ಟು ತಿಂದ. ಬೇಸಿಗೆ ಮುಗಿಯುವುದರೊಳಗೆ ಮಾಸ್ತರರು ಅಪ್ಪನನ್ನು ಕರೆಸಿ, "ಸಣ್ಣಾವಗ ಲೆಕ್ಕ ತಲಿಗೆ ಹತ್ತೂದಿಲ್ಲರಿ," ಎಂದರು.

ಅವತ್ತು ಸಂಜೆ ನಾನು ಅಪ್ಪನೆದುರು ನಡೆದದ್ದನ್ನೆಲ್ಲ ಹೇಳಿದೆ. ನನಗೆ ಹೇಳಲು ಬರುತ್ತಿದ್ದುದು ಒಂದೇ ರೀತಿ. ಮಾಸ್ತರರ ದನಿ, ಬಡಿತ, ಶಿವಪ್ಪನ ಅಳು, ಎಲ್ಲವನ್ನೂ ಆಡಿ ತೋರಿಸಿದೆ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಸಾಕ ಮಾಡಲೇ ನಿನ್ನ ಸೋಗು," ಎಂದ. ಶಿವಪ್ಪನನ್ನು ಕೇಳಿದರೆ, "ನನಗ ಲೆಕ್ಕ ಬರೂದಿಲ್ಲ," ಎಂದ. ಮರುದಿನ ನಾನು ಸಾಲೆಗೆ, ಅವನು ಅಪ್ಪನ ಹಿಂದೆ ಹೊಲಕ್ಕೆ.

ಈಗ ಊರಿನಲ್ಲಿ ನನ್ನ ಬಾಯಿಗೆ ಸಿಗದ ದನಿಯಿಲ್ಲ. "ಛಪ್ಪನ್" ಎಂದು ಹುರುಪಿನಿಂದ ಕೂಗಿದ ಆ ಸಣ್ಣ ದನಿಯೊಂದು ಮಾತ್ರ ಎಷ್ಟು ಪ್ರಯತ್ನಿಸಿದರೂ ಬರುವುದಿಲ್ಲ. ಶಿವಪ್ಪನಿಗೂ ಬರುವುದಿಲ್ಲ.